ಸೊನ್ನೆ ಡಿಗ್ರಿಯಲ್ಲೂ ತಿಳಿಯಾಗಿರುವ ಎಣ್ಣೆ

ಜಪಾನಿನ ಅಂಗಡಿಗಳಲ್ಲಿ ‘ಸರಾದಾ ಅಬುರಾ’ ಅಂತ ಒಂದು ಎಣ್ಣೆ ಸಿಗುತ್ತದೆ. ಅಬುರಾ ಎಂದರೆ ಎಣ್ಣೆ, ಸರಾದಾ ಎಂದರೆ ಸಲಾಡ್. ಸೋಯಾ, ಮೆಕ್ಕೆಜೋಳ, ನತಾನೆ ಎಂಬ ಸಾಸಿವೆ ಜಾತಿಯ ಬೀಜ, ಹೀಗೆ ಹಲವು ಎಣ್ಣೆಗಳಿಗೆ ಈ ಹೆಸರು ಸಲ್ಲುತ್ತದೆ. ಆದರೆ ಜೆಎಎಸ್ ಎಂಬ ಜಪಾನಿನ ಕೃಷಿ ಮಾನದಂಡದ ಪರೀಕ್ಷೆ ಪಾಸಾಗಬೇಕು: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದೂವರೆ ಗಂಟೆ ಇಟ್ಟರೂ ಎಣ್ಣೆ ಮಬ್ಬಾಗಬಾರದು.

ಸಲಾಡ್‌ಗೆ ಎಣ್ಣೆಯನ್ನು ಹಸಿಯಾಗಿಯೇ ಹಾಕುತ್ತಾರೆ, ತಣ್ಣಗೇ ತಿನ್ನುತ್ತಾರೆ. ಅದು ಗಟ್ಟಿಯಾದರೆ ಚೆನ್ನಾಗಿರಲ್ಲ ಅಲ್ವಾ? ನಮ್ಮ ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಹಾಗೆ, ಬೇರೆ ಎಣ್ಣೆಗಳಲ್ಲೂ ಸ್ವಲ್ಪ ಮೇಣ, ಸ್ವಲ್ಪ ಗಟ್ಟಿ ಕೊಬ್ಬು ಇರುತ್ತದೆ. ತಂಪಾದಾಗ ಇವು ಸಣ್ಣ ಹರಳುಗಳಾಗಿ ಎಣ್ಣೆಯನ್ನು ಮಬ್ಬು ಮಾಡುತ್ತವೆ. ಅದಕ್ಕೇ ಕಾರ್ಖಾನೆಯಲ್ಲಿ ಎಣ್ಣೆಯನ್ನು ಮೊದಲೇ ತಣಿಸಿ, ಹರಳುಗಳನ್ನು ಸೋಸಿ ತೆಗೆಯುತ್ತಾರೆ. ಹೀಗೆ ಶುದ್ಧ ಮಾಡಿದ ಎಣ್ಣೆ ಕರಿಯಲಿಕ್ಕೂ ಚೆನ್ನ. ಹೆಸರು ಸಲಾಡ್‌ದಾದರೂ ಜಪಾನಿನ ಮನೆಗಳಲ್ಲಿ ಇದು ಎಲ್ಲ ಅಡುಗೆಗೂ ಬಳಕೆಯಾಗುತ್ತದೆ.

ನನಗೆ ಜಾಸ್ತಿ ಇಷ್ಟವಾಗುವ ಕಥೆ ‘ಗೋಮಾ ಅಬುರಾ’ದ್ದು, ಅಂದರೆ ಎಳ್ಳೆಣ್ಣೆಯದ್ದು. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು. ಜಪಾನಿನಲ್ಲಿ ಸಾಮಾನ್ಯವಾಗಿ ಎಳ್ಳನ್ನು ಹುರಿದು ಹಿಂಡುತ್ತಾರೆ. ಹುರಿಯುವಾಗ ಪೈರಜೀನ್‌ಗಳೆಂಬ ಪರಿಮಳದ ಅಣುಗಳು ಹುಟ್ಟುತ್ತವೆ. ಎಳ್ಳಿನಲ್ಲಿರುವ ಸೆಸಮೊಲಿನ್ ಒಡೆದು ಸೆಸಮೊಲ್ ಆಗುತ್ತದೆ. ಇದು ಎಣ್ಣೆ ಕಮಟಾಗದಂತೆ ಕಾಯುತ್ತದೆ. ಹುರಿದಷ್ಟೂ ಬಣ್ಣ ಗಾಢ, ಘಮ ಜೋರು. ಈ ಎಣ್ಣೆಯಲ್ಲಿ ನಮ್ಮ ಒಗ್ಗರಣೆ ಹಾಕಿದರೆ ಸಾಸಿವೆ, ಕರಿಬೇವಿನ ಘಮವೆಲ್ಲ ಅಡಗಿಹೋಗುತ್ತದೆ. ಜಪಾನಿನಲ್ಲಿರುವ ಕನ್ನಡಿಗರು ‘ತೈಹಾಕು’ ಎಂದು ಬರೆದ ಬಾಟಲಿ ಹುಡುಕುವುದು ಒಳ್ಳೆಯದು. ಅದು ಹುರಿಯದ ಎಳ್ಳಿನ ಎಣ್ಣೆ. ಬಣ್ಣವಾಗಲಿ ವಾಸನೆಯಾಗಲಿ ಹೆಚ್ಚೇನೂ ಇರುವುದಿಲ್ಲ.

ಎಣ್ಣೆಬೀಜಗಳನ್ನು ಜಪಾನ್ ಬಹುಪಾಲು ಹೊರಗಿನಿಂದ ತರಿಸುತ್ತದೆ. ‘ಕೊಮೆ ಅಬುರಾ’ಕ್ಕೆ, ಅಂದರೆ ತೌಡಿನ ಎಣ್ಣೆಗೆ, ಮಾತ್ರ ತಮ್ಮದೇ ಅಕ್ಕಿಯ ತೌಡು ಸಿಗುತ್ತದೆ. ಆದರೆ ಅಕ್ಕಿ ಪಾಲಿಶ್ ಮಾಡಿದ ಕೂಡಲೇ ತೌಡಿನ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ. ಹಾಗಾಗಿ ತೌಡನ್ನು ಬೇಗನೆ ಬಿಸಿ ಮಾಡಿ ಕಿಣ್ವವನ್ನು ಸುಮ್ಮನಾಗಿಸಬೇಕು.

‘ಎಗೊಮಾ ಅಬುರಾ’ವನ್ನು, ಅಂದರೆ ಪೆರಿಲ್ಲಾ ಎಂಬ ತುಳಸಿ ಕುಟುಂಬದ ಗಿಡದ ಬೀಜದ ಎಣ್ಣೆಯನ್ನು, ಮಾತ್ರ ಬಾಣಲೆಗೆ ಹಾಕಬೇಡಿ. ಅದರ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ಬಿಸಿ, ಬೆಳಕು, ಗಾಳಿ ಯಾವುದನ್ನೂ ಅದು ತಡೆದುಕೊಳ್ಳುವುದಿಲ್ಲ. ತಟ್ಟೆಗೆ ಬಡಿಸಿದ ಮೇಲೆ ಹಾಕಿಕೊಂಡು, ಬಾಟಲಿಯನ್ನು ಫ್ರಿಜ್‌ನಲ್ಲಿಡಿ.