ಆರಡಿ ಪಾಯ, ಹದಿನೆಂಟು ಕ್ವಿಂಟಲ್ ಮಣ್ಣು

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಹೊಸ ಬಡಾವಣೆಗಳತ್ತ ಹೋದರೆ ಖಾಲಿ ನಿವೇಶನಗಳ ಎರೆ ಮಣ್ಣು ಬೆರಳು ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಜನ ಪಾಯ ತೋಡಿಸುವುದೂ ಆಗಲೇ. ರಾಶಿ ಮುಗಿದು ತೊಗರಿ ಮಾರಿದ ಹಣ ಕೈಗೆ ಬಂದಿರುತ್ತದೆ, ಹೊಲದ ಕೆಲಸವಿಲ್ಲದೆ ಕೂಲಿಗೆ ಆಳು ಸಿಗುತ್ತಾರೆ, ಮಳೆಯ ಕಾಟವಿರುವುದಿಲ್ಲ. ಜೆಸಿಬಿ ಬಂದು ಅರ್ಧ ದಿನದೊಳಗೆ ಆರಡಿ ಆಳದ ತಗ್ಗುಗಳನ್ನು ತೋಡಿ, ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಿ ಹೋಗುತ್ತದೆ. ತಗ್ಗಿನ ಗೋಡೆಗಳು ಎಲ್ಲೂ ಬಾಗದೆ ನೆಟ್ಟಗೆ ನಿಂತಿರುತ್ತವೆ. ನೋಡಿದವರಿಗೆ ಇದಕ್ಕಿಂತ ಗಟ್ಟಿ ನೆಲ ಬೇರೆಲ್ಲೂ ಇಲ್ಲ ಎನ್ನಿಸುತ್ತದೆ.

ಆ ಗಟ್ಟಿತನ ಒಣಗಿದ್ದರಿಂದ ಬಂದದ್ದು. ಡೆಕ್ಕನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆ ಯುಗಯುಗಗಳಿಂದ ಸವೆದು ಪುಡಿಯಾಗಿ ಆದ ಮಣ್ಣು ಇದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಆ ಖನಿಜದ ಕಣಗಳು ತೀರಾ ತೆಳುವಾದ ಪದರಗಳಿಂದಾಗಿವೆ. ನೀರು ಬಿದ್ದಾಗ ಪದರಗಳ ನಡುವೆ ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಿಂಗಾರಿ ಜೋಳದ ರೈತನಿಗೆ ಇದು ವರ, ಏಕೆಂದರೆ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಉಳಿಯುತ್ತದೆ. ತಗ್ಗಿನೊಳಗೆ ಬಗ್ಗಿ ಕೆಲಸ ಮಾಡುವ ಗೌಂಡಿಗೆ ಇದರ ಲೆಕ್ಕವೇ ಬೇರೆ.

ಆಸರೆಯಿಲ್ಲದ ಮಣ್ಣಿನ ಗೋಡೆ ಎಷ್ಟು ಎತ್ತರದವರೆಗೆ ತಾನಾಗಿ ನಿಲ್ಲಬಲ್ಲದು ಎಂಬುದಕ್ಕೆ ಎಂಜಿನಿಯರುಗಳ ಬಳಿ ಒಂದು ಸರಳ ಸೂತ್ರವಿದೆ. ಮಣ್ಣಿನ ಅಂಟುಬಲವನ್ನು ನಾಲ್ಕರಿಂದ ಗುಣಿಸಿ, ಒಂದು ಘನ ಮೀಟರ್ ಮಣ್ಣಿನ ತೂಕದಿಂದ ಭಾಗಿಸಬೇಕು. ಅಂಟುಬಲ 20 ಕಿಲೋಪಾಸ್ಕಲ್ (ಅದನ್ನು ಅಳೆಯುವ ಮಾನ) ಇದೆ ಎಂದಿಟ್ಟುಕೊಂಡರೆ ಉತ್ತರ ನಾಲ್ಕು ಮೀಟರಿಗಿಂತ ಹೆಚ್ಚು ಬರುತ್ತದೆ. ಆರಡಿ ಪಾಯಕ್ಕೆ ಏನೂ ಆಗದು. ಅದೇ ಮಣ್ಣು ನೆನೆದು ಅಂಟುಬಲ 6 ಕಿಲೋಪಾಸ್ಕಲಿಗೆ ಇಳಿಯಿತೆನ್ನಿ, ಉತ್ತರ 1.3 ಮೀಟರ್, ಅಂದರೆ ನಾಲ್ಕಡಿಯ ಆಸುಪಾಸು. ತಗ್ಗು ಇದ್ದ ಹಾಗೆಯೇ ಇದೆ, ಯಾರೂ ಅದನ್ನು ಮುಟ್ಟಿಲ್ಲ, ಆದರೆ ಅದು ನಿಲ್ಲುವ ಕಾರಣ ಮಾಯವಾಗಿದೆ. ಮೇಲಿನಿಂದ ಬಿರುಕು ಇಳಿದಿದ್ದರಂತೂ ಲೆಕ್ಕ ಇನ್ನೂ ಕೆಡುತ್ತದೆ. ಬಿರುಕಿನೊಳಗೆ ತುಂಬಿದ ನೀರು ಗೋಡೆಯನ್ನು ಹಿಂದಿನಿಂದ ತಗ್ಗಿನತ್ತ ದೂಡುತ್ತದೆ.

ಹಾಗಾಗಿ ನಮ್ಮ ಕಡೆ ಹೆಚ್ಚು ಹೆದರಬೇಕಾದ ತಗ್ಗು, ಏಪ್ರಿಲ್‌ನಲ್ಲಿ ತೋಡಿ, ಹಣ ಹೊಂದಿಸಲು ನಿಲ್ಲಿಸಿ, ರೋಹಿಣಿ ಮಳೆ ಬಿದ್ದ ಮೇಲೆ ಮತ್ತೆ ಇಳಿಯುವಂಥದ್ದು. ಬೇಸಿಗೆಯ ಬಿರುಕೂ ಮುಂಗಾರಿನ ನೀರೂ ಅಲ್ಲಿ ಕೂಡುತ್ತವೆ. ಕುಸಿತಕ್ಕೆ ಮುನ್ಸೂಚನೆ ಇಲ್ಲದಿಲ್ಲ: ಅಂಚಿನಿಂದ ಎರಡು-ಮೂರು ಅಡಿ ಹಿಂದೆ, ತಗ್ಗಿಗೆ ಸಮಾನಾಂತರವಾಗಿ ಹೊಸ ಸೀಳೊಂದು ಕಾಣಿಸುತ್ತದೆ, ಗೋಡೆಯಿಂದ ಸಣ್ಣ ಹೆಂಟೆಗಳು ಉದುರುತ್ತವೆ, ಬುಡದಲ್ಲಿ ಗೋಡೆ ಕೊಂಚ ಉಬ್ಬುತ್ತದೆ. ಆದರೆ ಕೆಳಗಿರುವವನಿಗೆ ಮೇಲಿನ ಸೀಳು ಕಾಣುವುದಿಲ್ಲ. ಅದನ್ನು ನೋಡಲು ಮೇಲೊಬ್ಬ ನಿಂತಿರಬೇಕು, ಮತ್ತು ಅವನ ಕೈಗೆ ಬೇರೆ ಕೆಲಸ ಕೊಟ್ಟಿರಬಾರದು.

ಒಂದು ಘನ ಮೀಟರ್ ಹಸಿ ಎರೆ ಮಣ್ಣು ಹೆಚ್ಚುಕಡಿಮೆ 1,800 ಕಿಲೋ ತೂಗುತ್ತದೆ. ಹದಿನೆಂಟು ಕ್ವಿಂಟಲ್. ಎಪಿಎಂಸಿಯಲ್ಲಿ ಹದಿನೆಂಟು ಚೀಲ ತೊಗರಿ ಒಟ್ಟಿಗೆ ಒಬ್ಬನ ಮೇಲೆ ಉರುಳಿದರೆ ಏನಾದೀತೋ ಅದೇ ಇಲ್ಲೂ ಆಗುವುದು. ತಲೆ ಹೊರಗಿದ್ದು ಎದೆಯವರೆಗೆ ಮಾತ್ರ ಹೂತುಹೋದರೂ ಉಸಿರು ಕಟ್ಟುತ್ತದೆ. ಉಸಿರು ಬಿಟ್ಟಾಗ ಎದೆಗೂಡು ಕುಗ್ಗುತ್ತದೆ, ಆ ಸಂದಿಗೆ ಮಣ್ಣು ಕುಸಿದು ಬಿಗಿಯಾಗುತ್ತದೆ, ಮುಂದಿನ ಉಸಿರಿಗೆ ಎದೆ ಹಿಗ್ಗಲು ಜಾಗವಿರುವುದಿಲ್ಲ. ಗಾಬರಿಯಲ್ಲಿ ಜೊತೆಗಾರರು ಒಳಗೆ ಹಾರುತ್ತಾರೆ, ಸಡಿಲಗೊಂಡ ಎದುರಿನ ಗೋಡೆ ಅವರ ಮೇಲೂ ಬೀಳುತ್ತದೆ. ಜೆಸಿಬಿಯ ಬಕೆಟ್‌ನಿಂದ ಬಗೆಯುವುದೂ ಅಪಾಯವೇ, ಏಕೆಂದರೆ ಮನುಷ್ಯ ಎಲ್ಲಿದ್ದಾನೆಂದು ಬಕೆಟ್ಟಿಗೆ ತಿಳಿಯದು.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ಬಂದ 1998ರ ಕೇಂದ್ರ ನಿಯಮಗಳು, ಒಂದೂವರೆ ಮೀಟರಿಗಿಂತ ಎತ್ತರದ ಮಣ್ಣು ಜಾರಬಹುದಾದ ಕಡೆ ಕೆಲಸಗಾರನಿಗೆ ಹಲಗೆ-ಅಡ್ಡಕಂಬಗಳ ಆಸರೆ ಇರಬೇಕೆಂದಿದ್ದವು. ಗೋಡೆಯನ್ನು ಇಳಿಜಾರಾಗಿ ಕತ್ತರಿಸುವುದು ಇನ್ನೊಂದು ದಾರಿ. ಅದು ಪುಸ್ತಕದಲ್ಲಿ ಸುಲಭ. ತಳದಲ್ಲಿ ಒಂದು ಮೀಟರ್ ಅಗಲ, 1.8 ಮೀಟರ್ ಆಳದ ತಗ್ಗನ್ನು ಎರಡೂ ಕಡೆ 45 ಡಿಗ್ರಿ ಇಳಿಜಾರಿಗೆ ತೋಡಿದರೆ ತೆಗೆಯಬೇಕಾದ ಮಣ್ಣು ಸುಮಾರು ಮೂರು ಪಟ್ಟು. ಮೂವತ್ತು-ನಲವತ್ತರ ನಿವೇಶನದಲ್ಲಿ ಅಷ್ಟು ಜಾಗವೂ ಇಲ್ಲ, ಪಕ್ಕದ ಮನೆಯ ಪಾಯ ಅಲ್ಲೇ ಇರುತ್ತದೆ. ಹಾಗಾಗಿ ಊರೊಳಗೆ ಉಳಿಯುವ ದಾರಿ ಹಲಗೆಯ ಆಸರೆಯೇ. ಸೆಂಟ್ರಿಂಗ್‌ಗೆ ಹೇಗೂ ಬಾಡಿಗೆಗೆ ತರುವ ಹಲಗೆ, ಜಾಕುಗಳನ್ನು ಒಂದು ತಿಂಗಳು ಮೊದಲೇ ತರಿಸಿದರಾಯಿತು. ಯಾರೂ ತರಿಸುವುದಿಲ್ಲ. ಇನ್ನು ತೋಡಿದ ಮಣ್ಣನ್ನು ಅಂಚಿನಿಂದ ದೂರ ಹಾಕಿಸುವುದು, ಟ್ರ್ಯಾಕ್ಟರನ್ನು ಹತ್ತಿರ ಬಿಡದಿರುವುದು, ಮಳೆ ಬಂದ ಮರುದಿನ ನೋಡದೆ ಇಳಿಯದಿರುವುದು, ಇವಕ್ಕೆ ಖರ್ಚೇ ಇಲ್ಲ.

ಬೀದರಿನ ಕಡೆಯಿಂದ ಬಂದ ಗೌಂಡಿಗೆ ಈ ಮಾತೆಲ್ಲ ಅತಿಯೆನ್ನಿಸಬಹುದು. ಅಲ್ಲಿನ ಜಂಬಿಟ್ಟಿಗೆ ನೆಲ ಬೇರೆ ಜಾತಿಯದು. ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಬಹಮನಿಗಳ ಕಾಲದಲ್ಲಿ ಆ ಕಲ್ಲನ್ನು ಕೊರೆದು ಮಾಡಿದ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ಇಂದಿಗೂ ಉಳಿದಿದೆ. ಒಂದೇ ಕಲಬುರಗಿ ವಿಭಾಗದೊಳಗೆ ಎರಡು ನೆಲ, ಎರಡು ಸ್ವಭಾವ. ಕೈಗೆ ಬಂದ ಅನುಭವ ದೊಡ್ಡದೇ, ಆದರೆ ಅದು ಯಾವ ಮಣ್ಣಿನದು ಎಂದು ಕೇಳಬೇಕಾಗುತ್ತದೆ.

ಬಿಸಿಲಿಗೆ ಬರೋಣ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. ಫ್ಯಾನಿನ ಕೆಳಗೆ ಕೂತವರಿಗೆ ಈ ದಯೆ. ತಪ್ಪೇನಿಲ್ಲ, 42 ಡಿಗ್ರಿಯಲ್ಲಿ ಕಡತ ನೋಡುವುದೂ ಕಷ್ಟವೇ. ಆದರೆ ಅದೇ ಊರಿನಲ್ಲಿ, ಅದೇ ಮಧ್ಯಾಹ್ನ ಎರಡು ಗಂಟೆಗೆ ಸ್ಲ್ಯಾಬಿನ ಮೇಲೆ ಕಬ್ಬಿಣದ ಸರಳು ಕಟ್ಟುತ್ತಿರುವವನ ದೇಹದೊಳಗೆ ಏನು ನಡೆದಿದೆ ನೋಡಿ.

ಭಾರದ ಕೆಲಸ ಮಾಡುವ ದೇಹ ತಾನೇ ಸುಮಾರು 450 ವಾಟ್‌ನಷ್ಟು ದರದಲ್ಲಿ ಶಾಖ ಹುಟ್ಟಿಸುತ್ತಿರುತ್ತದೆ. ಸಾಮಾನ್ಯ ದಿನಗಳಲ್ಲಿ ಅದರಲ್ಲೊಂದು ಪಾಲು ಚರ್ಮದಿಂದ ಗಾಳಿಗೆ ಹೋಗುತ್ತದೆ. ಚರ್ಮದ ಉಷ್ಣತೆ 35 ಡಿಗ್ರಿಯ ಸುತ್ತ ಇರುವುದರಿಂದ, ಗಾಳಿ 42 ಡಿಗ್ರಿಗೆ ಏರಿದ ದಿನ ಹರಿವು ತಿರುಗಿಬೀಳುತ್ತದೆ, ಗಾಳಿಯೇ ದೇಹವನ್ನು ಕಾಯಿಸುತ್ತದೆ. ಉಳಿಯುವ ಉಪಾಯ ಬೆವರೊಂದೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಲೆಕ್ಕ ಹಾಕಿದರೆ, ಕೆಲಸದ ಶಾಖವೊಂದನ್ನು ಕಳೆಯಲಿಕ್ಕೇ ಗಂಟೆಗೆ ಮುಕ್ಕಾಲು ಲೀಟರಿನ ಹತ್ತಿರ ಬೆವರು ಬೇಕು. ಬಿಸಿಲು, ಕಾದ ಕಾಂಕ್ರೀಟು, ಕಾದ ಕಬ್ಬಿಣದ್ದು ಅದರ ಮೇಲೆ. ನಮ್ಮ ಒಣ ಹವೆಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂದು ಅವನಿಗೇ ಗೊತ್ತಾಗುವುದಿಲ್ಲ. ಅಂಗಿಯ ಬೆನ್ನ ಮೇಲೆ ಉಳಿದ ಬಿಳಿ ಉಪ್ಪಿನ ಗೆರೆಯಷ್ಟೇ ಸಾಕ್ಷಿ.

ನೀರು ಇಟ್ಟಿದ್ದೇವೆ ಎಂದು ಮನೆಯೊಡೆಯರು ಹೇಳುತ್ತಾರೆ. ಎಲ್ಲಿ? ಕೆಳಗೆ, ಸಿಮೆಂಟ್ ಚೀಲಗಳ ಪಕ್ಕ. ಕೆಲಸ ನಡೆಯುವುದು ಎರಡನೆಯ ಅಂತಸ್ತಿನಲ್ಲಿ. ಏಣಿ ಇಳಿದು ಹತ್ತಬೇಕಾದ ನೀರನ್ನು ಯಾರೂ ಇಪ್ಪತ್ತು ನಿಮಿಷಕ್ಕೊಮ್ಮೆ ಕುಡಿಯುವುದಿಲ್ಲ; ದೇಹಕ್ಕೆ ಬೇಕಾದದ್ದು ಅಷ್ಟು ಅಂತರದಲ್ಲಿ ಒಂದೊಂದು ಲೋಟ. ಪುಟ್ಟಿ ಹೊರುವ ಹೆಣ್ಣುಮಕ್ಕಳ ಕಷ್ಟ ಇದಕ್ಕೂ ಹೆಚ್ಚಿನದು. ಸೈಟಿನಲ್ಲಿ ಶೌಚಾಲಯವಿರುವುದಿಲ್ಲ. ಆದ್ದರಿಂದ ಅವರು ಬೆಳಿಗ್ಗೆಯಿಂದಲೇ ನೀರು ಕಡಿಮೆ ಕುಡಿಯುತ್ತಾರೆ, ಸಂಜೆಯವರೆಗೂ ತಡೆದುಕೊಳ್ಳುತ್ತಾರೆ. 1996ರ ಕಾಯ್ದೆ ಕುಡಿಯುವ ನೀರನ್ನೂ ಶೌಚಾಲಯವನ್ನೂ ಬೇರೆ ಬೇರೆ ಕಲಮುಗಳಲ್ಲಿ ಹೇಳಿತ್ತು. ಸೈಟಿನಲ್ಲಿ ಅವೆರಡೂ ಒಂದೇ ಕಲಮು: ಎರಡನೆಯದು ಇಲ್ಲದ ಕಡೆ ಮೊದಲನೆಯದು ಕೊಡದಲ್ಲೇ ಉಳಿಯುತ್ತದೆ. ತಗಡಿನ ನಾಲ್ಕು ಗೋಡೆಯ ತಾತ್ಕಾಲಿಕ ಶೌಚಾಲಯವನ್ನು ನಾನು ಸುರಕ್ಷತಾ ಉಪಕರಣಗಳ ಪಟ್ಟಿಯಲ್ಲಿ ಹೆಲ್ಮೆಟ್ಟಿಗಿಂತ ಮೇಲೆ ಬರೆಯುತ್ತೇನೆ.

ದೇಹ ಬಿಸಿಲಿಗೆ ಪಳಗುತ್ತದೆ ಎಂಬುದೂ ನಿಜ. ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಒಂದೆರಡು ವಾರ ಬೇಕು. ಬಿಸಿಲು ಹೆಚ್ಚಾಗಿ ಹೊಡೆಯುವುದು ಹೊಸಬರನ್ನು ಮತ್ತು ಮದುವೆಗೋ ಜಾತ್ರೆಗೋ ಹೋಗಿ ವಾರಗಟ್ಟಲೆ ಬಿಟ್ಟು ಬಂದವರನ್ನು. ಮೊದಲ ದಿನ ಹೊಸಬರಿಗೆ ಐದನೆಯ ಒಂದು ಪಾಲು, ಬಿಟ್ಟು ಬಂದವರಿಗೆ ಅರ್ಧ ಕೆಲಸ ಕೊಟ್ಟು ದಿನದಿನ ಏರಿಸುವುದು ತಜ್ಞರ ಸಲಹೆ. ಬರೀ ನೀರು ಸಾಲದು, ಹೋದ ಉಪ್ಪೂ ಮರಳಿ ಬರಬೇಕು. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಮಾತು ತೊದಲಿದರೆ, ಅಸಂಬದ್ಧವಾಗಿ ಆಡಿದರೆ, ಹೆಜ್ಜೆ ತಪ್ಪಿದರೆ ಅದು ಉಷ್ಣಾಘಾತ. ಮೈ ಬೆವರುತ್ತಿದ್ದರೂ ಇರಬಹುದು. ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು.

ಎತ್ತರದ ವಿಷಯದಲ್ಲಿ ಹೇಳುವುದು ಕಡಿಮೆ, ಏಕೆಂದರೆ ಲೆಕ್ಕ ನಿಷ್ಠುರವಾಗಿದೆ. ಒಂದಂತಸ್ತಿನ ಮೂರು ಮೀಟರ್‌ನಿಂದ ಬಿದ್ದವನು ಮುಕ್ಕಾಲು ಸೆಕೆಂಡಿನಲ್ಲಿ, ಗಂಟೆಗೆ 27 ಕಿಲೋಮೀಟರ್ ಮೀರಿದ ವೇಗದಲ್ಲಿ ನೆಲ ಮುಟ್ಟುತ್ತಾನೆ. ಸಾರವೆಗೂ ಸ್ಲ್ಯಾಬಿನ ಅಂಚಿಗೂ ಕಟ್ಟಿದ ಕಟಕಟೆಯೊಂದೇ ಅಲ್ಲಿ ಮಾತಾಡಬಲ್ಲದು. ವಿದ್ಯುತ್ತಿನದೂ ಹಾಗೆಯೇ: 100 ಮಿಲಿ ಆಂಪಿಯರಿನಷ್ಟು ಕರೆಂಟು ಹೃದಯದ ಲಯ ಕೆಡಿಸಲು ಸಾಕು, ಮಿಕ್ಸರಿನ ವೈರಿನ ಬರಿದಾದ ತುದಿಯನ್ನು ಸಾಕೆಟ್ಟಿಗೆ ತುರುಕಿ ಕಡ್ಡಿ ಸಿಕ್ಕಿಸುವ ನಮ್ಮ ಪದ್ಧತಿಗೆ ಫ್ಯೂಸು ಕಾವಲಾಗದು. 30 ಮಿಲಿ ಆಂಪಿಯರ್ ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚನ್ನು ಮನೆ ಮುಗಿದ ಮೇಲೆ ಹೇಗೂ ಹಾಕಿಸುತ್ತೀರಿ, ಮೊದಲ ದಿನವೇ ಹಾಕಿಸಿ. ಯಾದಗಿರಿಯ ಗ್ರಾನೈಟನ್ನು ಒಣ ಕಟರಿನಿಂದ ಕೊಯ್ಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಗಿಂತ ಕಾಣದವೇ ಕೆಟ್ಟವು. ಐದು ಮೈಕ್ರಾನ್‌ಗಿಂತ ಸಣ್ಣ ಸಿಲಿಕಾ ಶ್ವಾಸಕೋಶದ ತಳ ಸೇರಿ ಗಾಯ ಕಟ್ಟುತ್ತದೆ. ಹೀಗೆ ಬರುವ ಸಿಲಿಕೋಸಿಸ್ ಕಾಯಿಲೆಗೆ ಔಷಧವಿಲ್ಲ. ಮುಖಕ್ಕೆ ಸುತ್ತಿದ ಟವೆಲ್ ಅದನ್ನು ತಡೆಯದು. ಬ್ಲೇಡಿನ ಮೇಲೆ ಸುರಿಯುವ ನೀರು ಬಹುಮಟ್ಟಿಗೆ ತಡೆಯುತ್ತದೆ.

ಇಷ್ಟಕ್ಕೆಲ್ಲ ಹೊಣೆ ಯಾರು? 1996ರ ಕಾಯ್ದೆ ಹತ್ತು ಅಥವಾ ಹೆಚ್ಚು ಕಟ್ಟಡ ಕಾರ್ಮಿಕರಿರುವ ಕಡೆ ಅನ್ವಯಿಸುತ್ತಿತ್ತು. ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಗೆ ವಿನಾಯಿತಿಯಿತ್ತು. ಸುರಕ್ಷತಾ ನಿಯಮ ಮೀರಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡು ಸಾವಿರಕ್ಕೆ ಇಂದು ಒಬ್ಬ ಗೌಂಡಿಯ ಕೆಲವೇ ದಿನದ ಕೂಲಿ ಬರುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಇದನ್ನು ಬಿಗಿಗೊಳಿಸಿದೆ: ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಸೆರೆ ಅಥವಾ ಕನಿಷ್ಠ ಐದು ಲಕ್ಷ ದಂಡ, ಅಥವಾ ಎರಡೂ, ದಂಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮೃತನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆದರೆ ಸ್ವಂತ ಮನೆಯ ವಿನಾಯಿತಿಯ ಮಿತಿಯೂ ಐವತ್ತು ಲಕ್ಷಕ್ಕೆ ಏರಿದೆ. ಕಲಬುರಗಿಯಲ್ಲಿ ಒಬ್ಬ ಮೇಸ್ತ್ರಿ, ಆರು ಆಳು ಸೇರಿ ಕಟ್ಟುವ ಸಾಮಾನ್ಯ ಮನೆ ಪೂರಾ ಈ ಮಿತಿಯೊಳಗೆ ಬೀಳುತ್ತದೆ. ಇನ್‌ಸ್ಪೆಕ್ಟರ್ ಅಲ್ಲಿಗೆ ಬರುವುದಿಲ್ಲ.

ಅಲ್ಲಿ ನಿರ್ಧಾರ ಮಾಡುವವರು ಮನೆಯೊಡೆಯರು. ಯಾವ ತಿಂಗಳು ತೋಡಬೇಕು, ಹಣ ಯಾವಾಗ ಬಿಡಬೇಕು, ಗೃಹಪ್ರವೇಶದ ಮುಹೂರ್ತ ಎಂದು, ಎಲ್ಲವೂ ಅವರ ಕೈಯಲ್ಲೇ. ಗುತ್ತಿಗೆ ಕೊಟ್ಟಾಗಿದೆ, ಇನ್ನು ಅದು ಅವನ ತಲೆನೋವು ಎನ್ನುವವರು, ಚದರಡಿ ಲೆಕ್ಕದ ತುಂಡು ಗುತ್ತಿಗೆಯಲ್ಲಿ ಹಲಗೆ ಕಟ್ಟುವ ಅರ್ಧ ದಿನಕ್ಕೆ ಯಾರೂ ಕಾಸು ಕೊಡುವುದಿಲ್ಲ ಎಂಬುದನ್ನು ಮರೆಯುತ್ತಾರೆ. ಕಾಸಿಲ್ಲದ ಕೆಲಸವನ್ನು ಮೇಸ್ತ್ರಿ ಬಿಟ್ಟುಬಿಡುತ್ತಾನೆ, ಅದು ಅವನ ದುಷ್ಟತನವೂ ಅಲ್ಲ. ಆದ್ದರಿಂದ ಕರಾರಿನಲ್ಲೇ ನಾಲ್ಕು ಬಾಬು ಬೇರೆಯಾಗಿ ಬರೆಸಿ, ದರ ಹಾಕಿಸಿ: ಪಾಯಕ್ಕೆ ಹಲಗೆಯ ಆಸರೆ, ಸ್ಲ್ಯಾಬಿನ ಅಂಚಿಗೆ ಕಟಕಟೆ, ಸೋರಿಕೆ ಸ್ವಿಚ್ಚು, ತಗಡಿನ ಶೌಚಾಲಯ. ಕೆಲಸಗಾರರಿಗೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದೆಯೇ ಎಂದೂ ಕೇಳಿ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಅರ್ಹರು, ಮತ್ತು ಆ 90 ದಿನಕ್ಕೆ ದಾಖಲೆ ಬೇಕಾಗುತ್ತದೆ. ಹಾಜರಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಕೊನೆಯಲ್ಲಿ ಸಹಿ ಹಾಕಿಕೊಟ್ಟರೆ, ಮುಂದಿನ ಊರಿಗೆ ಗುಳೆ ಹೋಗುವವನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.