ಸಾರ್, ಸ್ವಲ್ಪ ಹೈ ಅಲ್ವಾ?

ಹೋದ ತಿಂಗಳು ವಿರಾಜಪೇಟೆ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಪಿಯುಸಿ ಮುಗಿದಿದೆ, ಪೈಲಟ್ ಆಗಬೇಕಂತೆ. ನಾನು ಇಪ್ಪತ್ತು ವರ್ಷ ಏರ್‌ಲೈನ್‌ನಲ್ಲಿ ಹಾರಿಸಿ, ಈಗ ತಿಂಗಳಿಗೆ ಹತ್ತು ದಿನ ಬೆಂಗಳೂರಿನಲ್ಲಿ ಸಿಮ್ಯುಲೇಟರ್ ತರಬೇತಿ ಕೊಟ್ಟು, ಮಿಕ್ಕ ದಿನ ಮಡಿಕೇರಿ ಹತ್ತಿರದ ತೋಟದಲ್ಲಿ ಇರುವವನು. ಹಾಗಾಗಿ ಇಂತಹವರು ಬರುತ್ತಲೇ ಇರುತ್ತಾರೆ. ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಎಷ್ಟು ಲಕ್ಷ ಆಗುತ್ತೆ? ಎಷ್ಟು ಗಂಟೆ ಹಾರಬೇಕು? ಎರಡು ಎಕರೆ ಮಾರಿದರೆ ಸಾಕಾಗುತ್ತಾ?

ಕಾಫಿ ಕೊಟ್ಟು, ಹುಡುಗನ ಕಡೆ ತಿರುಗಿ, ನಿನಗೆ ಈ ಕೆಲಸ ಯಾಕಪ್ಪ ಇಷ್ಟ ಅಂತ ಕೇಳಿದೆ. ಉತ್ತರ ಕೊಟ್ಟಿದ್ದು ಅಪ್ಪ. ಲೆಕ್ಕ, ಫಿಸಿಕ್ಸ್ ಹೇಗಿದೆ ಅಂತ ಕೇಳಿದೆ. ಅದಕ್ಕೂ ಅಪ್ಪನೇ. ಹುಡುಗ ಬಿಸ್ಕತ್ ತಟ್ಟೆ ನೋಡುತ್ತಾ ಕೂತಿದ್ದ. ಒಳ್ಳೆಯ ಹುಡುಗ. ಬಂದ ತಕ್ಷಣ ಬಗ್ಗಿ ಮೂರು ಸಲ ಕಾಲು ಮುಟ್ಟಿದ್ದ, ಕೊಡವ ಮನೆಗಳಲ್ಲಿ ಹಿರಿಯರಿಗೆ ಮಾಡುವ ಹಾಗೆ. ನನಗೆ ಖುಷಿಯೂ ಆಯಿತು, ಸ್ವಲ್ಪ ಭಯವೂ ಆಯಿತು. ಆ ಭಯದ ಬಗ್ಗೆಯೇ ಈ ಸಲದ ಅಂಕಣ.

ಮೊದಲು ಗಂಟೆಯ ಲೆಕ್ಕ ಮುಗಿಸಿಬಿಡೋಣ. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೊಡುವ ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, ಒಟ್ಟು 200 ಗಂಟೆ ಹಾರಿರಬೇಕು, ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ, ಅಂದರೆ ವಿಮಾನದ ಹೊಣೆ ಹೊತ್ತು ಇರಬೇಕು. ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್, ಟೆಕ್ನಿಕಲ್ ಅಂತ ಪೇಪರ್‌ಗಳು, 70 ಪರ್ಸೆಂಟ್ ಬಂದರೆ ಪಾಸು. ಆಮೇಲೆ ಏರ್‌ಬಸ್ಸೋ ಬೋಯಿಂಗೋ, ಅದರ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ. ಅದಕ್ಕೆ ಬೇರೆ ದುಡ್ಡು. ಗಂಟೆ ಜಾಸ್ತಿ ಆದಷ್ಟೂ ಪೈಲಟ್ ಪಕ್ಕಾ ಆಗುತ್ತಾನೆ ಅಂತ ಎಲ್ಲರೂ ನಂಬಿರುತ್ತಾರೆ, ಅಮೆರಿಕದವರೂ ನಂಬಿದ್ದರು. 2009ರಲ್ಲಿ ಬಫಲೋ ಹತ್ತಿರ ಒಂದು ವಿಮಾನ ಬಿದ್ದು 50 ಜನ ಸತ್ತ ಮೇಲೆ, ಏರ್‌ಲೈನ್ ಸೇರೋಕೆ 1500 ಗಂಟೆ ಬೇಕು ಅಂತ ಅಲ್ಲಿ ನಿಯಮ ಬಂತು. ವಿಚಿತ್ರ ಅಂದರೆ ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1500 ಗಂಟೆಗಿಂತ ಜಾಸ್ತಿ ಅನುಭವ ಇತ್ತು.

ನಮ್ಮ ಜಿಲ್ಲೆಗೆ ಸಮವಸ್ತ್ರ ಹೊಸದಲ್ಲ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆ ನೋಡಿಕೊಂಡೇ ಮಕ್ಕಳು ಬೆಳೆಯುತ್ತಾರೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋಗಿ, ತನ್ನದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಹೊಡೆದು, ತಾವೂ ವಾಪಸ್ ಬರದೆ ಹೋದವರು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಆ ಕಥೆ ಕೇಳಿದ ಹುಡುಗರಿಗೆ ಪೈಲಟ್ ಅಂದರೆ ಒಬ್ಬನೇ, ಸೀಟೂ ಒಂದೇ. ಏರ್‌ಲೈನ್ ಕಾಕ್‌ಪಿಟ್‌ನಲ್ಲಿ ಸೀಟು ಎರಡು. ಎಡಗಡೆ ಕ್ಯಾಪ್ಟನ್, ಬಲಗಡೆ ಫಸ್ಟ್ ಆಫೀಸರ್, ನಾವು ಕೋ-ಪೈಲಟ್ ಅನ್ನೋದು ಇವರನ್ನೇ. ನಮ್ಮ ಹುಡುಗ ಮೊದಲ ಹಲವು ವರ್ಷ ಕೂರುವುದು ಬಲಗಡೆ, ತನ್ನ ಅಪ್ಪನ ವಯಸ್ಸಿನವರ ಪಕ್ಕದಲ್ಲಿ.

2010ರ ಮೇ 22 ನೆನಪಿರಬೇಕು. ಸಂಪಾಜೆ ಘಾಟಿ ಇಳಿದು ಹೋದರೆ ನಮಗೆ ಮಂಗಳೂರೇ ಹತ್ತಿರದ ಏರ್‌ಪೋರ್ಟ್ ಆಗಿದ್ದ ಕಾಲ, ಕಣ್ಣೂರು ಆಗ ಇನ್ನೂ ಶುರುವಾಗಿರಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ತನಿಖಾ ವರದಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ, ತರಬೇತಿಗೆ ಬರುವವರಿಗೂ ಓದಿಸುತ್ತೇನೆ. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಜಾಸ್ತಿ ಅನುಭವ. ದಾರಿಯಲ್ಲಿ ಹೆಚ್ಚು ಹೊತ್ತು ನಿದ್ದೆ ಮಾಡಿ, ಇಳಿಯುವ ಸ್ವಲ್ಪ ಮೊದಲು ಎದ್ದಿದ್ದರು. ವಿಮಾನ ಇಳಿಯಬೇಕಾದ ದಾರಿಗಿಂತ ತುಂಬಾ ಮೇಲಿತ್ತು. ಅದು ಕೋ-ಪೈಲಟ್‌ಗೆ ಗೊತ್ತಾಗಿತ್ತು. ಅವರು ಗೋ ಅರೌಂಡ್ ಅಂತ, ಅಂದರೆ ಇಳಿಯೋದು ಬಿಟ್ಟು ಮೇಲೇರಿ ಮತ್ತೊಂದು ಸುತ್ತು ಬರೋಣ ಅಂತ, ಮೂರು ಸಲ ಹೇಳಿದರು. ಮೊದಲ ಸಲ ಹೇಳಿದ್ದು ಪ್ರಶ್ನೆಯ ಧಾಟಿಯಲ್ಲಿ. ಕ್ಯಾಪ್ಟನ್ ಕೇಳಲಿಲ್ಲ. ವಿಮಾನದ ಯಂತ್ರವೂ ಎಚ್ಚರಿಸುತ್ತಲೇ ಇತ್ತು, ಅದನ್ನೂ ಕೇಳಲಿಲ್ಲ. ಕೋ-ಪೈಲಟ್ ತಾವೇ ಕಂಟ್ರೋಲ್ ತೆಗೆದುಕೊಳ್ಳಲಿಲ್ಲ.

ಅವರನ್ನು ಬೈಯೋದು ಸುಲಭ. ನಾನು ಬೈಯಲ್ಲ, ಯಾಕೆಂದರೆ ನಾನೂ ಆ ಬಲಗಡೆ ಸೀಟಿನಲ್ಲಿ ಕೂತು ಅದನ್ನೇ ಮಾಡಿದ್ದೇನೆ.

ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಜೂನ್ ತಿಂಗಳು, ಮಳೆ, ಚಿಕ್ಕ ರನ್‌ವೇ. ಕ್ಯಾಪ್ಟನ್ ಮೈಸೂರು ಕಡೆಯವರು, ದೊಡ್ಡ ಮನುಷ್ಯ, ನನ್ನನ್ನು ಮಗನ ಹಾಗೆ ನೋಡಿಕೊಳ್ಳುತ್ತಿದ್ದರು. ಕಾಕ್‌ಪಿಟ್‌ನಲ್ಲಿ ಇಂಗ್ಲಿಷೇ ಆಡಬೇಕು, ಆದರೆ ಎದೆ ಡವಗುಟ್ಟಿದಾಗ ಬಾಯಿಗೆ ಬರೋದು ಮನೆ ಮಾತು. ಮೋಡದಿಂದ ಹೊರಗೆ ಬಂದಾಗ ರನ್‌ವೇ ನಮ್ಮ ಮೂಗಿನ ಕೆಳಗೇ ಇದ್ದ ಹಾಗೆ ಕಂಡಿತು. ನಾನು ಹೇಳಿದೆ, ‘ಸಾರ್, ಸ್ವಲ್ಪ ಹೈ ಅಲ್ವಾ?’ ಅವರು ‘ಹ್ಞೂಂ’ ಅಂದರು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ವಿಮಾನ ರನ್‌ವೇಯ ಅರ್ಧ ಹತ್ತಿರ ನೆಲ ಮುಟ್ಟಿತು, ಬ್ರೇಕ್ ಒತ್ತಿದ ರಭಸಕ್ಕೆ ಹಿಂದೆ ಯಾರದ್ದೋ ಬ್ಯಾಗು ಬಿದ್ದ ಶಬ್ದ ಕೇಳಿಸಿತು, ನಿಂತಾಗ ಮುಂದೆ ಕಾಣುತ್ತಿದ್ದ ಕೆಂಪು ದೀಪಗಳನ್ನು ಬೇಕಾದರೆ ಎಣಿಸಬಹುದಿತ್ತು.

ಹೋಟೆಲಿಗೆ ಹೋಗುವ ಕಾರಿನಲ್ಲಿ ತುಂಬಾ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ‘ನಿನಗೆ ಮೊದಲೇ ಗೊತ್ತಾಗಿತ್ತೇನೋ?’ ಅಂದರು.

‘ಹೌದು ಸಾರ್.’

‘ಮತ್ತೆ ಯಾಕೋ ಹೇಳಲಿಲ್ಲ?’

‘ಹೇಳಿದೆ ಸಾರ್.’

ಅವರು ನನ್ನನ್ನೇ ನೋಡಿದರು. ‘ಅದು ಹೇಳಿದ್ದಾ? ನೀನು ಸುಮ್ನೆ ಮಾತಿಗೆ ಅಂದೆ ಅಂದ್ಕೊಂಡೆ.’

ಇದು ನನ್ನೊಬ್ಬನ ಕಥೆ ಆಗಿದ್ದರೆ ಅಂಕಣ ಬರೆಯುವ ಅಗತ್ಯ ಇರಲಿಲ್ಲ. ಇದರ ಮೇಲೆ ನಲವತ್ತು ವರ್ಷಕ್ಕೂ ಜಾಸ್ತಿ ಸಂಶೋಧನೆ ನಡೆದಿದೆ. 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ಜೆಟ್ ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ವಾ ಅಂತ ಫ್ಲೈಟ್ ಎಂಜಿನಿಯರ್ ಕೇಳಿದ್ದರು, ಅದೂ ಪ್ರಶ್ನೆಯಾಗಿಯೇ. ಕ್ಯಾಪ್ಟನ್ ಆ ಕಂಪನಿಯಲ್ಲಿ ಎಲ್ಲರಿಗೂ ಕಲಿಸುತ್ತಿದ್ದ ಹಿರಿಯರು, ಹೋಗಿದೆ ಅಂದುಬಿಟ್ಟರು. ಮರುವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಡಿಸಿ-8 ವಿಮಾನ, ಚಕ್ರದ ತೊಂದರೆ ನೋಡುತ್ತಾ ಸುತ್ತು ಹೊಡೆದು ಹೊಡೆದು, ಇಂಧನ ಮುಗಿದು ಬಿತ್ತು. ಇಂಧನ ಕಮ್ಮಿ ಆಗುತ್ತಿದೆ ಅಂತ ಪಕ್ಕದವರಿಗೆ ಗೊತ್ತಿತ್ತು, ಮೆಲ್ಲಗೆ ಹೇಳಿಯೂ ಇದ್ದರು. 1979ರಲ್ಲಿ ನಾಸಾ ಇದಕ್ಕೇ ಅಂತ ಒಂದು ಸಭೆ ಕರೆಯಿತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತರಬೇತಿಯಲ್ಲೇ ಸೇರಿಸಿತು. ಈಗ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಅಂತ ಪ್ರಪಂಚದ ಪ್ರತಿ ಏರ್‌ಲೈನ್ ಪೈಲಟ್ ಕಲಿಯುವುದು ಅದರ ಮುಂದುವರಿಕೆ.

ನನಗೆ ತುಂಬಾ ಹಿಡಿಸಿದ್ದು ಫಿಶರ್ ಮತ್ತು ಒರಾಸಾನು ಎಂಬ ಇಬ್ಬರು ಸಂಶೋಧಕಿಯರ ಕೆಲಸ. ಅವರು ಪೈಲಟ್‌ಗಳಿಗೆ ಸನ್ನಿವೇಶ ಕೊಟ್ಟು, ನೀವು ಇಲ್ಲಿ ಏನು ಹೇಳುತ್ತೀರಿ ಅಂತ ಕೇಳಿದರು. ಮುಂದೆ ದೊಡ್ಡ ಮಳೆಮೋಡ ಇದೆ ಅಂದುಕೊಳ್ಳಿ. ನಮ್ಮ ಮಾತಿನಲ್ಲಿ ಹೇಳೋದಾದರೆ, ‘ಎಡಕ್ಕೆ 30 ಡಿಗ್ರಿ ತಿರುಗಿಸಿ’ ಅನ್ನಬಹುದು. ‘ನಾವೀಗ ಎಡಕ್ಕೆ ತಿರುಗಬೇಕು’ ಅನ್ನಬಹುದು. ‘ಎಡಕ್ಕೆ ಹೋಗೋಣ್ವಾ ಸಾರ್?’ ಅನ್ನಬಹುದು. ಅಥವಾ ಸುಮ್ನೆ, ‘ಆ ಮೋಡ ಯಾಕೋ ಜೋರಾಗಿದೆ ಅಲ್ವಾ’ ಅಂತ ಕಿಟಕಿ ಕಡೆ ನೋಡಬಹುದು. ಕ್ಯಾಪ್ಟನ್‌ಗಳು ಹೆಚ್ಚಾಗಿ ಮೊದಲನೆಯ ತರಹ ಮಾತಾಡಿದರು, ಕೋ-ಪೈಲಟ್‌ಗಳು ಕೊನೆಯ ತರಹ. ಆದರೆ ಯಾವ ಮಾತಿಗೆ ನೀವು ಬೇಗ ಒಪ್ಪುತ್ತೀರಿ ಅಂತ ಕೇಳಿದಾಗ ‘ನಾವು ತಿರುಗಬೇಕು’ ಅನ್ನುವ ತರಹದ ಮಾತಿಗೆ ಇಬ್ಬರ ಕಡೆಯಿಂದಲೂ ಒಳ್ಳೆಯ ಅಂಕ ಬಂತು. ಅದರಲ್ಲಿ ಹುಕುಂ ಇಲ್ಲ, ಮಾತು ಮಾತ್ರ ಸ್ಪಷ್ಟ. ಕನ್ನಡದಲ್ಲಿ ನಮ್ಮ ತೊಂದರೆ ಇನ್ನೂ ಒಂದು ಕೈ ಜಾಸ್ತಿ. ಹಿರಿಯರಿಗೆ ನೇರವಾಗಿ ಹೇಳಿದರೆ ಅಧಿಕಪ್ರಸಂಗ. ಅದಕ್ಕೆ ನಾವು ‘ಅಲ್ವಾ’ ಸೇರಿಸುತ್ತೇವೆ. ಮನೆಯಲ್ಲಿ ಅದು ಎಷ್ಟು ಚೆನ್ನಾಗಿರುತ್ತೆ, ಆದರೆ 140 ನಾಟ್ ವೇಗದಲ್ಲಿ ನೆಲದ ಕಡೆ ಹೋಗುತ್ತಿರುವಾಗ ಎದುರಿನವರು ಕೇಳಿಸಿಕೊಳ್ಳುವುದು ಬರೀ ಅಲ್ವಾ.

ಹಾಗಂತ ಜೂನಿಯರ್‌ಗಳು ಎಲ್ಲದಕ್ಕೂ ಎದುರು ಮಾತಾಡಲಿ ಅಂತ ಯಾರೂ ಹೇಳಿಲ್ಲ. ಎಲ್ವಿನ್ ಎಡ್ವರ್ಡ್ಸ್ ಎಂಬ ತಜ್ಞರು ಕಾಕ್‌ಪಿಟ್‌ನ ಈ ಮೇಲು ಕೆಳಗನ್ನು ಇಳಿಜಾರಿಗೆ ಹೋಲಿಸಿದ್ದರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರು ಕಡಿದಾದರೆ ಮಳೆಗೆ ಮಣ್ಣೇ ಕೊಚ್ಚಿಕೊಂಡು ಹೋಗುತ್ತೆ, ಸಮತಟ್ಟಾದರೆ ನೀರು ನಿಂತು ಬೇರು ಕೊಳೆಯುತ್ತೆ. ಇಬ್ಬರೂ ಸಮ ಸಮ ಕ್ಯಾಪ್ಟನ್‌ಗಳೇ ಕೂತ ಕಾಕ್‌ಪಿಟ್‌ನಲ್ಲಿ ಯಾರು ನಿರ್ಧಾರ ಮಾಡಬೇಕು ಅಂತಲೇ ಗೊತ್ತಾಗದೆ ಹೋಗಬಹುದು.

ಇಲ್ಲಿಂದ ಮುಂದಿನದು ಪೈಲಟ್ ಒಬ್ಬನ ಕೈಯಲ್ಲಿಲ್ಲ, ಕಂಪನಿ ನಡೆಸುವವರ ಕೈಯಲ್ಲಿದೆ. ಇಳಿಯುವಾಗ 1000 ಅಡಿಗೆ ಬರುವಷ್ಟರಲ್ಲಿ ವೇಗ, ಎತ್ತರ, ಚಕ್ರ, ರೆಕ್ಕೆಯ ಫ್ಲ್ಯಾಪ್ ಎಲ್ಲ ಸರಿ ಇರಬೇಕು, ಇಲ್ಲದಿದ್ದರೆ ಗೋ ಅರೌಂಡ್. ಇದು ಎಲ್ಲರಿಗೂ ಬಾಯಿಪಾಠ. ಆದರೂ ಫ್ಲೈಟ್ ಸೇಫ್ಟಿ ಫೌಂಡೇಶನ್ ಅಧ್ಯಯನದಲ್ಲಿ ಕಂಡದ್ದು, ಹೀಗೆ ಎಲ್ಲ ಸರಿ ಇಲ್ಲದೆ ಇಳಿಯಲು ಬರುವ ನೂರು ಸಲದಲ್ಲಿ 97ರಲ್ಲಿ ಪೈಲಟ್‌ಗಳು ಇಳಿದೇಬಿಡುತ್ತಾರೆ. ಹೆಚ್ಚಿನವು ಏನೂ ಆಗದೆ ಇಳಿಯುತ್ತವೆ, ಅದೇ ದೊಡ್ಡ ತೊಂದರೆ. ಇನ್ನೊಂದು ಸುತ್ತು ಅಂದರೆ ಇಂಧನ ಖರ್ಚು, ತಡ, ಆಫೀಸಿನಲ್ಲಿ ವಿವರಣೆ. ಅದಕ್ಕೇ ಬುದ್ಧಿ ಇರುವ ಕಂಪನಿಗಳು ಗೋ ಅರೌಂಡ್ ಮಾಡಿದವರನ್ನು ಯಾಕೆ ಅಂತ ಬೈಯಲ್ಲ ಅಂತ ಬರೆದು ಕೊಟ್ಟಿರುತ್ತವೆ. ಜೊತೆಗೆ, ಹೇಳಬೇಕಾದ ಶಬ್ದವನ್ನೂ ಮೊದಲೇ ಗೊತ್ತುಮಾಡಿರುತ್ತವೆ. ‘ಅನ್‌ಸ್ಟೆಬಿಲೈಸ್ಡ್, ಗೋ ಅರೌಂಡ್.’ ಅಂದರೆ, ಎಲ್ಲ ಸರಿ ಇಲ್ಲ, ಮೇಲೇರಿ. ಆ ಶಬ್ದ ಹುಡುಗನದಲ್ಲ, ಪುಸ್ತಕದ್ದು. ಆಗ ಅಧಿಕಪ್ರಸಂಗದ ಪ್ರಶ್ನೆಯೇ ಬರಲ್ಲ.

ಬಿಸಿನೆಸ್ ಇನೋವೇಶನ್ ಅಂದರೆ ನಮ್ಮವರಿಗೆ ಆ್ಯಪ್ ನೆನಪಾಗುತ್ತೆ. ನನ್ನ ಪ್ರಕಾರ ವಿಮಾನಯಾನದ ದೊಡ್ಡ ಇನೋವೇಶನ್ ಒಂದು ಪತ್ರ. 1974ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಹತ್ತಿರ ಒಂದು ವಿಮಾನ ಗುಡ್ಡಕ್ಕೆ ಬಡಿದು 92 ಜನ ಸತ್ತರು. ವಾರಗಳ ಹಿಂದೆಯಷ್ಟೇ ಬೇರೆ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ ಅದೇ ಗೊಂದಲದಲ್ಲಿ ಕೂದಲೆಳೆಯಲ್ಲಿ ಪಾರಾಗಿತ್ತು, ಅವರು ತಮ್ಮ ಪೈಲಟ್‌ಗಳಿಗೆ ಮಾತ್ರ ಎಚ್ಚರಿಕೆ ಕೊಟ್ಟು ಸುಮ್ಮನಾಗಿದ್ದರು. ಅದಾದ ಮೇಲೆ 1976ರಲ್ಲಿ, ಪೈಲಟ್ ತನ್ನ ತಪ್ಪನ್ನು ತಾನೇ ಬರೆದು ಕಳಿಸಬಹುದಾದ ವ್ಯವಸ್ಥೆ ಬಂತು. ಪತ್ರ ಹೋಗುವುದು ಲೈಸೆನ್ಸ್ ಕಿತ್ತುಕೊಳ್ಳುವ ಇಲಾಖೆಗಲ್ಲ, ನಾಸಾಗೆ. ಅವರು ಹೆಸರು ಅಳಿಸಿ ಪಾಠ ಮಾತ್ರ ಎಲ್ಲರಿಗೂ ಹಂಚುತ್ತಾರೆ.

ಇಷ್ಟೆಲ್ಲ ಕಲಿಸುವ ನಾನು ತೋಟದಲ್ಲಿ ಏನು ಮಾಡುತ್ತಿದ್ದೆ ಅಂತಲೂ ಹೇಳಬೇಕು. ಕೆಲವು ವರ್ಷದ ಹಿಂದೆ, ಜನವರಿ, ಕಣದ ತುಂಬಾ ರೊಬಸ್ಟಾ ಹರಡಿತ್ತು. ಸಂಜೆ ತೋಟದ ಕೆಲಸ, ಲೆಕ್ಕ ನೋಡುವ ರೈಟರ್ ಬಂದು, ‘ಅಣ್ಣ, ಮೋಡ ಯಾಕೋ ಒಂಥರಾ ಇದೆ ಅಲ್ವಾ’ ಅಂದ. ಜನವರಿಯಲ್ಲಿ ಎಂತ ಮಳೆ ಮಾರಾಯ ಅಂತ ನಾನು ಫೋನಿನಲ್ಲೇ ಇದ್ದೆ. ಅವನು ಹೋಗಿ ಟಾರ್ಪಾಲ್ ಪಕ್ಕ ನಿಂತನಂತೆ, ಹೊದಿಸು ಅಂತ ನಾನು ಹೇಳಲಿ ಅಂತ ಕಾಯುತ್ತಾ. ರಾತ್ರಿ ಎಂಟಕ್ಕೆ ಸುರಿಯಿತು. ಬೆಳಗ್ಗೆ ಒದ್ದೆ ಕಾಫಿ ಕೆದಕುತ್ತಾ ಅವನನ್ನು ಬೈಯೋಕೆ ಬಾಯಿ ತೆರೆದೆ, ಆ ಮೈಸೂರಿನ ಕ್ಯಾಪ್ಟನ್ ನೆನಪಾಗಿ ಮುಚ್ಚಿಕೊಂಡೆ. ಈಗ ನಮ್ಮಲ್ಲಿ ಮೋಡ ಮೊದಲು ಕಂಡವರು ಯಾರೇ ಆಗಲಿ, ಕೆಲಸದವರ ಲೈನ್ ಮನೆಯ ಮಕ್ಕಳಾದರೂ ಸರಿ, ಸೀಟಿ ಊದಬಹುದು. ಊದಿದರೆ ಹೊದಿಸಬೇಕು. ಮಳೆ ಬರದಿದ್ದರೆ ಯಾರೂ ಯಾರನ್ನೂ ಕೇಳುವಂತಿಲ್ಲ. ಹೋದ ಸಲ ನಾಲ್ಕು ಬಾರಿ ಸುಮ್ನೆ ಹೊದಿಸಿದೆವು.

ಸಿಮ್ಯುಲೇಟರ್‌ನಲ್ಲಿ ನಾನು ಮಾಡುವುದೂ ಇಷ್ಟೇ. ಎಡಗಡೆ ಕೂತು ಬೇಕಂತಲೇ ತಪ್ಪು ಮಾಡುತ್ತೇನೆ. ನಿಯಮ ಸರಳ, ನೀವು ಎರಡು ಸಲ ಹೇಳಿದರೂ ಕ್ಯಾಪ್ಟನ್ ಉತ್ತರ ಕೊಡದಿದ್ದರೆ ಕಂಟ್ರೋಲ್ ನೀವು ತೆಗೆದುಕೊಳ್ಳಿ. ಪೊನ್ನಂಪೇಟೆಯ ಒಬ್ಬ ಹುಡುಗ ಇದ್ದ, ಕೈ ತುಂಬಾ ಚೆನ್ನಾಗಿತ್ತು, ವಿಮಾನ ಬೆಣ್ಣೆ ಹಾಗೆ ಇಳಿಸುತ್ತಿದ್ದ. ನಾನು ತಪ್ಪು ಮಾಡಿದರೆ ಮಾತ್ರ ‘ಸಾರ್?’ ಅಂತ ಕಾಯುತ್ತಿದ್ದ. ಮೂರು ಸಲ ನೆಲಕ್ಕೆ ಬಡಿದೆವು. ಟೀ ಕುಡಿಯುವಾಗ ಹಾಕಿ ಆಡ್ತೀಯಾ ಅಂತ ಕೇಳಿದೆ. 1997ರಿಂದ ನಡೆಯುವ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆಯವರ ಟೀಮ್‌ನಲ್ಲಿ ಆಡಿದ್ದಾನಂತೆ, ಸೆಂಟರ್‌ನಲ್ಲಿ ಅವನ ದೊಡ್ಡಪ್ಪ. ದೊಡ್ಡಪ್ಪ ಬಾಲ್ ಬಿಡದೆ ಇಟ್ಟುಕೊಂಡರೆ ಏನಂತ ಕೂಗ್ತೀಯ ಅಂದೆ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕೂಗಿ ತೋರಿಸಿದ. ಕ್ಯಾಂಟೀನಿನವರು ತಿರುಗಿ ನೋಡಿದರು, ಆ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಮೈದಾನದಲ್ಲಿ ಕೂಗಿದ್ದಕ್ಕೆ ದೊಡ್ಡಪ್ಪ ಮನೆಯಲ್ಲಿ ಬೈದಿದ್ದಾರಾ ಅಂತ ಕೇಳಿದೆ. ಇಲ್ಲವಂತೆ. ಮಧ್ಯಾಹ್ನದ ಸೆಷನ್‌ನಲ್ಲಿ ‘ಗೋ ಅರೌಂಡ್’ ಅಂದ, ನಾನು ಕೇಳಲಿಲ್ಲ, ಮತ್ತೆ ಅಂದ, ಆಮೇಲೆ ‘ಐ ಹ್ಯಾವ್ ಕಂಟ್ರೋಲ್, ಸಾರ್’ ಅಂತ ನನ್ನ ಕೈಯಿಂದ ಕಿತ್ತುಕೊಂಡ. ಆ ಸಾರ್ ಇರಲಿ, ಪರವಾಗಿಲ್ಲ.

ವಿರಾಜಪೇಟೆಯವರು ಹೊರಟಾಗ ನಾನೂ ಅಂಗಳದವರೆಗೆ ಹೋದೆ. ಅಪ್ಪ ಜೀಪ್ ಹತ್ತಿ ರಿವರ್ಸ್ ತೆಗೆದರು. ಹಿಂದೆ ನಮ್ಮ ಮನೆಯವಳ ಆಂಥೂರಿಯಂ ಕುಂಡಗಳ ಸಾಲು. ಹುಡುಗ ಅಷ್ಟು ಹೊತ್ತೂ ಬಾಯಿ ಬಿಡದವನು, ಜೀಪಿನ ಹಿಂಭಾಗಕ್ಕೆ ಪಟಪಟ ಬಡಿದು ‘ನಿಲ್ಸಿ!’ ಅಂತ ಕಿರುಚಿದ. ಜೀಪ್ ಕುಂಡಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಮೆಲ್ಲಗೆ ಹೇಳೋಕೆ ಆಗಲ್ವಾ ನಿಂಗೆ? ದೊಡ್ಡವರ ಎದುರಿಗೆ ಹೀಗಾ ಕಿರುಚೋದು?’ ಅಂತ ಬೈದರು. ನಾನು ಕಿಟಕಿ ಹತ್ತಿರ ಹೋಗಿ, ಎಕರೆ ಮಾರುವ ಮಾತು ಆಮೇಲೆ, ಮೊದಲು ಇವನಿಗೆ ಡಿಜಿಸಿಎ ಡಾಕ್ಟರ ಹತ್ತಿರ ಕ್ಲಾಸ್ 2 ಮೆಡಿಕಲ್ ಮಾಡಿಸಿ, ಕಣ್ಣು ಕಿವಿ ಪಾಸಾದರೆ ಮತ್ತೆ ಬನ್ನಿ ಅಂದೆ. ಮುಂದಿನ ಸಲ ಅವನೊಬ್ಬನನ್ನೇ ಕಳಿಸಿ ಅಂತಲೂ ಸೇರಿಸಿದೆ.