‘ಹಿ ಗೋಸ್’ ಅಂದರೆ ಎಲ್ಲಿಗೆ ಹೋದ?

‘ಗೋ’ ಅಂದರೆ ಹೋಗು. ನಾವೆಲ್ಲ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದು ಅಲ್ವಾ? ಈಗ ಈ ಮಾತು ನೋಡಿ: ‘ಐ ಆಸ್ಕ್ಡ್ ಫಾರ್ ಮೈ ಮನಿ, ಆ್ಯಂಡ್ ಹಿ ಗೋಸ್, ವಾಟ್ ಮನಿ?’ ಇಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ. ‘ನನ್ನ ದುಡ್ಡು ಕೇಳಿದರೆ, ಯಾವ ದುಡ್ಡು ಅಂತಾನೆ!’ ಅಷ್ಟೇ.

ಇದು ವಿಚಿತ್ರ ಅನ್ನಿಸಿದರೆ ನಮ್ಮ ‘ಅನ್ನು’ ನೆನಪಿಸಿಕೊಳ್ಳಿ. ಬಲೂನು ಢಬ್ ಅಂತು, ಹೊಟ್ಟೆ ಚುರ್ ಅಂತು, ಅಜ್ಜಿ ‘ಊಟ ಮಾಡು’ ಅಂದರು. ಸದ್ದಿಗೂ ಮಾತಿಗೂ ಒಂದೇ ಕ್ರಿಯಾಪದ. ‘ಗೋ’ ಕೂಡ ಹಾಗೇ: ‘ದ ಕೌ ಗೋಸ್ ಮೂ’, ‘ದ ಬಲೂನ್ ವೆಂಟ್ ಪಾಪ್’. ಹಸು ಅನ್ನುವುದಾದರೆ ಮನುಷ್ಯ ಅನ್ನಬಾರದೇ? ನಿನ್ನೆಯ ಕಥೆಗೆ ‘ಗೋಸ್’ ಯಾಕೆ ಅಂತ ತಲೆಕೆಡಿಸಿಕೊಳ್ಳಬೇಡಿ. ನಾವೂ ‘ಬಾಗಿಲು ತೆಗೀತೀನಿ, ನೋಡಿದ್ರೆ ಯಾರೂ ಇಲ್ಲ!’ ಅಂತ ನಡೆದುಹೋದದ್ದನ್ನು ಈಗ ನಡೆಯುತ್ತಿರುವ ಹಾಗೆ ಹೇಳುತ್ತೇವೆ.

ಇದರ ತಂಗಿ ‘ಬಿ ಲೈಕ್’. 1980ರ ದಶಕದಲ್ಲಿ ಅಮೆರಿಕದ ಹುಡುಗ ಹುಡುಗಿಯರ ಬಾಯಲ್ಲಿ ಜಾಸ್ತಿಯಾಯಿತು, ಈಗ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲೂ ಕೇಳಿಸುತ್ತದೆ. ‘ಐ ವಾಸ್ ಲೈಕ್, ಓ ನೋ!’ ಅಂದವರು ಹಾಗೆ ಬಾಯಿಬಿಟ್ಟು ಅಂದಿರಬಹುದು, ಮನಸ್ಸಲ್ಲೇ ಅಂದುಕೊಂಡಿರಬಹುದು, ಬರೀ ಮುಖ ಹಾಗೆ ಮಾಡಿರಲೂಬಹುದು. ಅಂದೆ, ಅಂದುಕೊಂಡೆ ಎರಡಕ್ಕೂ ಇದೊಂದೇ ಸಾಕು, ಸೋಮಾರಿಗಳಿಗೆ ಹೇಳಿ ಮಾಡಿಸಿದ ಪದ! ಇಷ್ಟಪಡುವ ‘ಲೈಕ್’ ಜೊತೆ ಗೊಂದಲವಾದರೆ ಅದರ ಹಿಂದೆ ಏನಿದೆ ನೋಡಿ. ‘ವಾಸ್’, ‘ಈಸ್’, ‘ಆ್ಯಮ್’ ಇದ್ದು, ಮುಂದೆ ಯಾರದೋ ಮಾತು ಬಂದರೆ, ಅದು ಈ ‘ಲೈಕ್’.

ಕನ್ನಡ ಕೈಕೊಡುವ ಜಾಗ ಒಂದಿದೆ. ‘ನನಗೆ ಸುಸ್ತಾಗಿದೆ ಅಂದ’, ‘ತನಗೆ ಸುಸ್ತಾಗಿದೆ ಅಂದ’ ಎರಡೂ ನಮಗೆ ಸರಿ. ಇಂಗ್ಲಿಷಿನಲ್ಲಿ ‘ಹಿ ವೆಂಟ್ ದ್ಯಾಟ್ ಹಿ ವಾಸ್ ಟೈರ್ಡ್’ ಅನ್ನುವಂತಿಲ್ಲ. ಅವನಾಡಿದ ಮಾತನ್ನು ಇದ್ದ ಹಾಗೇ, ಬೇಕಿದ್ದರೆ ಅವನದೇ ದನಿಯಲ್ಲಿ ಒಪ್ಪಿಸಬೇಕು: ‘ಹಿ ವೆಂಟ್, ಐ ಆ್ಯಮ್ ಟೈರ್ಡ್!’ ಮಾತು ತಿರುಗಿಸಿ ಹೇಳುವುದಾದರೆ ‘ಸೆಡ್’ ಬೇಕೇ ಬೇಕು. ಆಫೀಸಿನ ಪತ್ರದಲ್ಲಂತೂ ‘ಸೆಡ್’ ಬಿಟ್ಟು ಕದಲಬೇಡಿ. ‘ದ ಮ್ಯಾನೇಜರ್ ಗೋಸ್’ ಅಂತ ಬರೆದರೆ ಅವರು ಮನೆಗೆ ಹೋದರು ಅಂತಲೇ ಓದುತ್ತಾರೆ.

ಕೊನೆಗೆ ‘ಗೆಟ್’. ‘ಐ ಡೋಂಟ್ ಗೆಟ್ ಇಟ್’ ಅಂದರೆ ಅರ್ಥವಾಗಲಿಲ್ಲ. ಇದು ಎಲ್ಲರಿಗೂ ಗೊತ್ತು. ‘ಐ ಗೆಟ್ ದ್ಯಾಟ್ ಅ ಲಾಟ್’ ಮಾತ್ರ ಮೋಸ ಮಾಡುತ್ತದೆ. ನಿಮ್ಮ ಹೆಸರು ಕೇಳಿ ‘ಹೇಳೋಕೆ ಕಷ್ಟ’ ಅಂತ ಯಾರಾದರೂ ನಕ್ಕರೆ, ನೀವೂ ನಕ್ಕು ಇದನ್ನೇ ಹೇಳಿ. ಕನ್ನಡದಲ್ಲಾದರೆ: ‘ಎಲ್ಲರೂ ಹಾಗೇ ಅಂತಾರೆ ಬಿಡಿ.’